ಎಂಜಿನ್ ಕೂಗುತ್ತದೆ, ವ್ಯಾನ್ ಮುಂದೆ ಹೋಗುವುದಿಲ್ಲ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕಾಯಿಲೆಯವು. ಹಳೇ ವ್ಯಾನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, 'ಬಾಕ್ಸ್ ಹೋಗಿಬಿಟ್ಟಿತಾ' ಎಂಬ ಭಯ. ಹಾಗಾಗಿ ಟೈರು, ಬ್ಯಾಟರಿ, ಎಸಿ ಪ್ರಶ್ನೆ ಕಳಿಸಿದವರು ಸ್ವಲ್ಪ ಕಾಯಬೇಕು. ಇವತ್ತು ಬರೀ ಗೇರ್‌ಬಾಕ್ಸ್.

ಪ್ರಶ್ನೆ: ನಮ್ಮ ವ್ಯಾನ್‌ಗೆ 18 ವರ್ಷ, 2,40,000 ಕಿ.ಮೀ. ಓಡಿದೆ. ನಾಲ್ಕು ಗೇರಿನ ಆಟೊಮ್ಯಾಟಿಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿ 'ಡಿ'ಗೆ ಹಾಕಿದರೆ ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಆಮೇಲೆ ಧಡ್ ಎಂದು ಹಿಡಿಯುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಅಲ್ಲೇ ಇರುತ್ತದೆ. ಒಬ್ಬ ಮೆಕ್ಯಾನಿಕ್ 'ಬಾಕ್ಸ್ ಹೋಗಿದೆ, ಬೇರೆ ಹಾಕಿಸಿ' ಅಂದರು. ಇನ್ನೊಬ್ಬರು 'ಆಯಿಲ್ ಬದಲಾಯಿಸಿದರೆ ಸಾಕು' ಅಂದರು. ಮೂರನೆಯವರು 'ಆಯಿಲ್ ಮುಟ್ಟಲೇಬೇಡಿ, ಮುಟ್ಟಿದರೆ ಪೂರ್ತಿ ನಿಂತುಹೋಗುತ್ತದೆ' ಅಂತಾರೆ. ಯಾರನ್ನು ನಂಬಲಿ?

ಉತ್ತರ: ಮೂವರಲ್ಲಿ ಒಬ್ಬರಾದರೂ ಡಿಪ್‌ಸ್ಟಿಕ್, ಅಂದರೆ ಬಾಕ್ಸಿನ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿದರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ನೋಡದೆ ಹೇಳಿದ ಮೂರು ಮಾತೂ ಬರೀ ಊಹೆ. ತಮಾಷೆ ಏನೆಂದರೆ, ನೋಡಿದ ಮೇಲೆ ಮೂವರಲ್ಲಿ ಯಾರು ಬೇಕಾದರೂ ಸರಿ ಇರಬಹುದು.

ಆಟೊಮ್ಯಾಟಿಕ್ ಬಾಕ್ಸ್‌ನಲ್ಲಿ ಆಯಿಲ್ ಅಂದರೆ ಸುಮ್ನೆ ಸವೆಯದಿರಲಿ ಎಂದು ಹಾಕಿದ ಎಣ್ಣೆ ಅಲ್ಲ. ಕೆಲಸ ಮಾಡುವುದೇ ಅದು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಮುಚ್ಚಿದ ಡಬ್ಬಿ ಇದೆ. ಒಳಗೆ ಎದುರುಬದುರು ಎರಡು ಫ್ಯಾನ್ ಇಟ್ಟ ಹಾಗೆ ಇರುತ್ತದೆ. ಎಂಜಿನ್ ಕಡೆಯದು ಆಯಿಲನ್ನು ಎಸೆಯುತ್ತದೆ, ಆ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಅದೇ ಆಯಿಲನ್ನು ಒಂದು ಪಂಪ್ ಒತ್ತಿ ವಾಲ್ವ್ ಬಾಡಿಗೆ ಕಳಿಸುತ್ತದೆ. ಅಲ್ಲಿಯ ಸಣ್ಣ ಸಣ್ಣ ದಾರಿಗಳಲ್ಲಿ ಹಾದು ಹೋಗಿ ಪಿಸ್ಟನ್ ಒತ್ತಿದಾಗ ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಗೇರ್ ಬೀಳುತ್ತದೆ. ಅಂದರೆ ಒತ್ತಡ ಕಡಿಮೆಯಾದರೆ ಹಿಡಿತ ಇಲ್ಲ. ಹಿಡಿತ ಇಲ್ಲದೆ ಪ್ಲೇಟುಗಳು ಒಂದರ ಮೇಲೊಂದು ಉಜ್ಜಿಕೊಂಡರೆ ಬಿಸಿ. ಬಿಸಿಗೆ ಪ್ಲೇಟಿನ ಮೇಲಿನ ಪದರ ಸುಡುತ್ತದೆ, ಸೀಲುಗಳ ರಬ್ಬರ್ ಗಟ್ಟಿಯಾಗುತ್ತದೆ, ಸೀಲು ಗಟ್ಟಿಯಾದರೆ ಒತ್ತಡ ಇನ್ನೂ ಸೋರುತ್ತದೆ. ಹಳೇ ಬಾಕ್ಸ್‌ಗಳು ಸಾಯುವುದು ಹೆಚ್ಚಾಗಿ ಈ ಸುತ್ತಿನಲ್ಲಿ.

ಈಗ ನಿಮ್ಮ ಗಾಡಿ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ಬ್ರೇಕ್ ಒತ್ತಿಕೊಂಡೇ ಲಿವರನ್ನು 'ಪಿ'ಯಿಂದ ಕೆಳಗಿನವರೆಗೆ ಒಂದೊಂದಾಗಿ ಹಾಕಿ ವಾಪಸ್ 'ಪಿ'ಗೆ ತನ್ನಿ. ಆಮೇಲೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಹೆಚ್ಚಿನ ಗಾಡಿಗಳಿಗೆ ಇದೇ ಕ್ರಮ. ಹೋಂಡಾದಂಥ ಕೆಲವು ಕಂಪನಿಯವರು ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ ನೋಡಿ ಅನ್ನುತ್ತಾರೆ, ಹಾಗಾಗಿ ಕೈಪಿಡಿ ಒಂದ್ಸಲ ತೆರೆಯಿರಿ. ಡಿಪ್‌ಸ್ಟಿಕ್ಕೇ ಇಲ್ಲದ ಬಾಕ್ಸ್‌ಗಳೂ ಇವೆ. ಅವುಗಳಲ್ಲಿ ಗಾಡಿ ಎತ್ತಿ, ಆಯಿಲ್ ಇಂತಿಷ್ಟೇ ಬಿಸಿ ಇರುವಾಗ ಪಕ್ಕದ ಪ್ಲಗ್ ಬಿಚ್ಚಿ ನೋಡಬೇಕು. ಅದು ಮನೆಯ ಮುಂದೆ ಮಾಡುವ ಕೆಲಸ ಅಲ್ಲ.

ಮಟ್ಟ ನೋಡಿದ್ದಾಯಿತು, ಇನ್ನು ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಹಾಕಿ. ಹೊಸ ಆಯಿಲ್ ಸಾಮಾನ್ಯವಾಗಿ ಕೆಂಪಗೆ ಇರುತ್ತದೆ. ಹಳತಾದಂತೆ ಕಂದು ಬಣ್ಣಕ್ಕೆ ತಿರುಗುವುದು ಸಹಜ, ಅದಕ್ಕೆ ಹೆದರಬೇಡಿ. ಕಪ್ಪಾಗಿದ್ದು, ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿ ಸಿಕ್ಕರೆ ಮಾತ್ರ ಪ್ಲೇಟುಗಳು ಸುಟ್ಟಿವೆ ಎಂದೇ ಲೆಕ್ಕ.

ಮಟ್ಟ ಕಡಿಮೆ ಇತ್ತಾ? ಸಂತೋಷಪಡಿ. ತಡವಾಗಿ ಹಿಡಿಯುವುದು, ಗೇರ್ ಬದಲಾಗುವಾಗ ಎಂಜಿನ್ ಕೂಗುವುದು ಎರಡಕ್ಕೂ ಅದೊಂದೇ ಕಾರಣ ಇರಬಹುದು. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಮಟ್ಟಕ್ಕೆ ತನ್ನಿ. ಜಾಸ್ತಿ ಹಾಕಬೇಡಿ, ಜಾಸ್ತಿಯಾದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ, ಮತ್ತೆ ಸ್ಲಿಪ್. ಆಮೇಲೆ ಸೋರಿಕೆ ಎಲ್ಲಿ ಎಂದು ಹುಡುಕಿ. ಇದು ಮುಚ್ಚಿದ ವ್ಯವಸ್ಥೆ, ಎಂಜಿನ್ ಆಯಿಲಿನ ಹಾಗೆ ಉರಿದು ಕಡಿಮೆಯಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲಿಗೋ ಹೋಗಿದೆ.

ಮಟ್ಟ ಸರಿ ಇದೆ, ಬಣ್ಣ ಕಂದು, ಸುಟ್ಟ ವಾಸನೆ ಇಲ್ಲ ಅಂದರೆ ಎರಡನೇ ಮೆಕ್ಯಾನಿಕ್ ಹೇಳಿದ್ದು ಮಾಡಿ ನೋಡಬಹುದು. ಕಪ್ಪು ಮತ್ತು ಸುಟ್ಟ ವಾಸನೆ ಅಂದರೆ ಮೊದಲನೆಯವರು ಹೇಳಿದ್ದು ನಿಜ, ಆಯಿಲಿಗೆ ದುಡ್ಡು ಹಾಕಬೇಡಿ, ನೇರ ಈ ಅಂಕಣದ ಕೊನೆಯ ಪ್ರಶ್ನೆಗಳಿಗೆ ಹೋಗಿ.

ಮೂರನೆಯವರ ಮಾತು ಬಹಳ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಆಗುವುದು ಹೀಗೆ: ವರ್ಷಗಟ್ಟಲೆ ಆಯಿಲ್ ಬದಲಾಯಿಸದ ಬಾಕ್ಸ್ ಸ್ಲಿಪ್ ಆಗಲು ಶುರುವಾದಾಗ ಮಾಲೀಕರಿಗೆ ಆಯಿಲ್ ನೆನಪಾಗುತ್ತದೆ. ಬದಲಾಯಿಸಿದ ವಾರಕ್ಕೆ ಬಾಕ್ಸ್ ನಿಲ್ಲುತ್ತದೆ. ಹೇಗೂ ನಿಲ್ಲುವುದಿತ್ತು, ಆದರೆ ಹೆಸರು ಕೆಟ್ಟಿದ್ದು ಆಯಿಲಿನದು. ನಿಜವಾದ ಅಪಾಯ ಇರುವುದು ಮೆಷಿನ್ ಹಚ್ಚಿ ಒತ್ತಡದಲ್ಲಿ ತೊಳೆಯುವುದರಲ್ಲಿ. ಮೂಲೆಯಲ್ಲಿ ಸುಮ್ನೆ ಕೂತಿದ್ದ ಕಸ ಎದ್ದು ವಾಲ್ವ್ ಬಾಡಿಯ ಕಿರುದಾರಿಗೆ ಹೋಗಿ ಸಿಕ್ಕಿಕೊಳ್ಳಬಹುದು. ಇಷ್ಟು ಓಡಿದ ಗಾಡಿಗೆ ನಾನಂತೂ ಅದನ್ನು ಮಾಡಿಸುವುದಿಲ್ಲ. ಬಾಕ್ಸಿನ ಕೆಳಗಿನ ಚೇಂಬರ್ (ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿಸಿ, ಬಂದಷ್ಟು ಆಯಿಲ್ ತಾನಾಗಿ ಇಳಿಯಲಿ, ಫಿಲ್ಟರ್ ಬದಲಾಯಿಸಿ, ಇಳಿದಷ್ಟೇ ಹೊಸದು ಹಾಕಿಸಿ.

ಹೀಗೆ ಇಳಿಸಿದರೆ ಎಲ್ಲವೂ ಬರುವುದಿಲ್ಲ, ಕನ್ವರ್ಟರ್ ಒಳಗೆ ಬಹಳಷ್ಟು ಉಳಿಯುತ್ತದೆ. ಒಟ್ಟು 10 ಲೀಟರ್ ಹಿಡಿಯುವ ಬಾಕ್ಸ್‌ನಿಂದ 4 ಲೀಟರ್ ಇಳಿಯಿತು ಅಂದುಕೊಳ್ಳಿ. ಮೊದಲ ಸಲಕ್ಕೆ ಹೊಸ ಆಯಿಲ್ 40 ಭಾಗ. ಕೆಲವು ನೂರು ಕಿ.ಮೀ. ಓಡಿಸಿ ಮತ್ತೆ ಇಳಿಸಿ ಹಾಕಿದರೆ 64, ಮೂರನೇ ಸಲಕ್ಕೆ 78. ಒಂದೇ ಸಲಕ್ಕೆ ಎಲ್ಲ ಬದಲಾಗುವುದಕ್ಕಿಂತ ಹಳೇ ಬಾಕ್ಸಿಗೆ ಈ ನಿಧಾನವೇ ಒಳ್ಳೆಯದು.

ಚೇಂಬರ್ ಬಿಚ್ಚುವಾಗ ನೀವೂ ಪಕ್ಕದಲ್ಲಿ ನಿಂತಿರಿ. ತಳದಲ್ಲಿ ಆಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣುಪು ಕೆಸರು ಅಂಟಿದ್ದರೆ ಅದು ವಯಸ್ಸಿನ ಸವೆತ, ಒರೆಸಿ ಹಾಕಿದರಾಯಿತು. ಕಣ್ಣಿಗೆ ಕಾಣುವ ಕಬ್ಬಿಣದ ಚೂರು ಸಿಕ್ಕರೆ ಗೇರು ಅಥವಾ ಬೇರಿಂಗ್ ತಿನ್ನುತ್ತಿದೆ. ಹಳದಿ ಲೋಹದ ಪುಡಿ ಕಂಡರೆ ಬುಷ್, ಅಂದರೆ ಶಾಫ್ಟ್ ತಿರುಗುವ ಬಳೆ, ಸವೆಯುತ್ತಿದೆ. ತಳದಲ್ಲಿ ಕಪ್ಪು ನಾರಿನಂಥ ಕೆಸರು ದಪ್ಪಗೆ ಕೂತಿದ್ದರೆ ಅದೇ ಕ್ಲಚ್ ಪ್ಲೇಟಿನ ಪದರ. ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಯಾರ ಹತ್ತಿರ ಹೋದರೂ ಬಾಯಿ ಮಾತಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಗಮನಿಸಿ. ತಣ್ಣಗಿದ್ದಾಗ ತೊಂದರೆ ಕೊಟ್ಟು ಬಿಸಿಯಾದ ಮೇಲೆ ಸರಿಹೋದರೆ ಸಾಮಾನ್ಯವಾಗಿ ಗಟ್ಟಿಯಾದ ಸೀಲುಗಳ ಕೆಲಸ, ಬಿಸಿಗೆ ಮೆತ್ತಗಾಗಿ ಹಿಡಿಯುತ್ತವೆ. ಬೆಳಿಗ್ಗೆ ಚೆನ್ನಾಗಿದ್ದು ಅರ್ಧ ಗಂಟೆ ಓಡಿದ ಮೇಲೆ ಕೆಟ್ಟರೆ, ಬಿಸಿಗೆ ಆಯಿಲ್ ತೆಳುವಾಗಿ ಸವೆದ ಪಂಪ್ ಒತ್ತಡ ಕೊಡಲಾಗದೆ ಸೋಲುತ್ತಿರಬಹುದು. ಎರಡನೆಯದು ಕೆಟ್ಟ ಸುದ್ದಿ. ಬಿಸಿಯಾದ ಮೇಲೆ ನಿಮ್ಮದು ಸರಿಹೋಗುತ್ತದಾ ಇಲ್ಲವಾ ಎಂದು ಪತ್ರದಲ್ಲಿ ಬರೆದಿಲ್ಲ, ಒಂದು ವಾರ ನೋಡಿ ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ಹೇಳಿ.

ಪ್ರಶ್ನೆ: ಗೇರ್ ಎಲ್ಲ ಸರಿಯಾಗಿ ಬೀಳುತ್ತದೆ. ಆದರೆ 60–70 ಕಿ.ಮೀ. ವೇಗದಲ್ಲಿ ಒಂದೇ ಸಮ ಹೋಗುವಾಗ ಸಣ್ಣ ಸಣ್ಣ ಉಬ್ಬುಗಳ ಮೇಲೆ ಓಡಿಸಿದ ಹಾಗೆ ನಡುಗುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ನಿಲ್ಲುತ್ತದೆ. ಇದೂ ಗೇರ್‌ಬಾಕ್ಸಾ?

ಉತ್ತರ: ಇರಬಹುದು, ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ. ಎಂಜಿನ್ ಮಿಸ್ ಹೊಡೆದರೂ ಹೆಚ್ಚುಕಮ್ಮಿ ಹೀಗೇ ಅನಿಸುತ್ತದೆ. ಒಂದು ಹಳೇ ಸ್ಪಾರ್ಕ್ ಪ್ಲಗ್ ಅಥವಾ ಅದಕ್ಕೆ ಕರೆಂಟ್ ಕೊಡುವ ಕಾಯಿಲ್‌ಗೋಸ್ಕರ ಇಡೀ ಬಾಕ್ಸ್ ಇಳಿಸಿದವರಿದ್ದಾರೆ.

ಟಾರ್ಕ್ ಕನ್ವರ್ಟರ್ ಒಳಗೆ ಒಂದು ಕ್ಲಚ್ ಇದೆ, ಲಾಕಪ್ ಅಂತಾರೆ. ಆಯಿಲಿನ ಮೂಲಕ ಶಕ್ತಿ ಹೋಗುವಾಗ ಸ್ವಲ್ಪ ಜಾರಿ ನಷ್ಟವಾಗುತ್ತದಲ್ಲ, ಅದನ್ನು ತಪ್ಪಿಸಲು ಗಾಡಿ ಒಂದೇ ಸಮ ಓಡುವಾಗ ಇದು ಹಿಡಿದುಕೊಂಡು ಎಂಜಿನ್ನನ್ನು ನೇರ ಬಾಕ್ಸಿಗೆ ಜೋಡಿಸುತ್ತದೆ. ಅದು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಹಿಡಿ–ಬಿಡು ಆಡಿದರೆ ಬರುವುದೇ ಈ ನಡುಕ.

ಪರೀಕ್ಷೆ ಸುಲಭ. ಖಾಲಿ ರಸ್ತೆ, ಹಿಂದೆ ಯಾರೂ ಇರಬಾರದು. ನಡುಗುತ್ತಿರುವಾಗ ಬಲಗಾಲು ಆಕ್ಸಿಲರೇಟರ್ ಮೇಲೆ ಹಾಗೇ ಇರಲಿ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮೆಲ್ಲಗೆ ಮುಟ್ಟಿ. ಬ್ರೇಕ್ ಸ್ವಿಚ್ಚಿನ ಸೂಚನೆ ಸಿಕ್ಕ ತಕ್ಷಣ ಲಾಕಪ್ ಬಿಡುತ್ತದೆ, ಎಂಜಿನ್ ಸುತ್ತು ಸ್ವಲ್ಪ ಏರುತ್ತದೆ. ಆ ಕ್ಷಣ ನಡುಕ ನಿಂತರೆ ಲಾಕಪ್ ಕಡೆ ಬೆರಳು ತೋರಿಸಬಹುದು. ನಡುಕ ಹಾಗೇ ಮುಂದುವರಿದರೆ, ಅಥವಾ ಏರು ಹತ್ತುವಾಗ ಜಾಸ್ತಿಯಾದರೆ ಮೊದಲು ಪ್ಲಗ್, ಕಾಯಿಲ್ ನೋಡಿಸಿ.

ಲಾಕಪ್ಪೇ ಎಂದು ಗೊತ್ತಾದರೂ ಗಾಬರಿ ಬೇಡ. ಎಷ್ಟೋ ಸಲ ಕಾರಣ ದಣಿದ ಆಯಿಲ್. ಈ ಆಯಿಲ್ ಮಾಡುವುದು ವಿಚಿತ್ರ ಕೆಲಸ, ಒಂದು ಕಡೆ ಜಾರಬೇಕು, ಇನ್ನೊಂದು ಕಡೆ ಹದವಾಗಿ ಹಿಡಿಯಬೇಕು. ಆ ಹದಕ್ಕೆಂದೇ ಅದರಲ್ಲಿ ಬೇರೆ ರಾಸಾಯನಿಕ ಬೆರೆಸಿರುತ್ತಾರೆ. ಹಿಂದೆ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಹಾಕುತ್ತಿದ್ದರು ಗೊತ್ತಾ? 1970ರ ದಶಕದ ಆರಂಭದಲ್ಲಿ ಅಮೆರಿಕ ತಿಮಿಂಗಿಲದ ಉತ್ಪನ್ನಗಳಿಗೆ ತಡೆ ಹಾಕಿದ ಮೇಲೆ ಕಂಪನಿಗಳು ಬೇರೆ ದಾರಿ ಹುಡುಕಬೇಕಾಯಿತು. ಇರಲಿ. ಆ ರಾಸಾಯನಿಕ ಮುಗಿದರೆ ನಡುಕ ಬರುತ್ತದೆ, ಸರಿಯಾದ ಹೊಸ ಆಯಿಲಿಗೆ ಅದು ಹೋಗುವುದೂ ಉಂಟು. ಹೋಗದಿದ್ದರೆ ಲಾಕಪ್ ಸೋಲಿನಾಯ್ಡ್ (ಕರೆಂಟಿನಿಂದ ಆಯಿಲಿನ ದಾರಿ ತೆರೆದು ಮುಚ್ಚುವ ವಾಲ್ವ್) ನೋಡಿಸಿ, ಕೊನೆಗೆ ಕನ್ವರ್ಟರ್.

ಪ್ರಶ್ನೆ: ಓಡುತ್ತಾ ಓಡುತ್ತಾ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬಂದು ವ್ಯಾನ್ ಒಂದೇ ಗೇರಿನಲ್ಲಿ ನಿಲ್ಲುತ್ತದೆ. ಎಷ್ಟು ಒತ್ತಿದರೂ ಬದಲಾಗುವುದಿಲ್ಲ. ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಏನೂ ಆಗದವರ ಹಾಗೆ ಓಡುತ್ತದೆ. ಗ್ಯಾರೇಜಿನವರು ಬಾಕ್ಸ್ ಬಿಚ್ಚಬೇಕು ಅನ್ನುತ್ತಿದ್ದಾರೆ.

ಉತ್ತರ: ಬಿಚ್ಚಲು ಒಪ್ಪಬೇಡಿ, ಇವತ್ತೇ ಬೇಡ. ಸುಟ್ಟ ಕ್ಲಚ್ ಕೀ ತಿರುಗಿಸಿದ ಮಾತ್ರಕ್ಕೆ ಹತ್ತು ನಿಮಿಷ ವಾಸಿಯಾಗುವುದಿಲ್ಲ. ಆನ್–ಆಫ್ ಮಾಡಿದರೆ ಸರಿಹೋಗುವ ಕಾಯಿಲೆ ಬಹುಪಾಲು ಕರೆಂಟಿನದು.

ನೀವು ಹೇಳಿದ್ದಕ್ಕೆ ಲಿಂಪ್ ಮೋಡ್ ಅಂತಾರೆ, ಕುಂಟಿಕೊಂಡಾದರೂ ಮನೆ ಸೇರಲಿ ಎಂದು ಮಾಡಿಟ್ಟ ವ್ಯವಸ್ಥೆ. ಬಾಕ್ಸಿನ ಕಂಪ್ಯೂಟರಿಗೆ ಯಾವುದೋ ಲೆಕ್ಕ ತಪ್ಪಿದಂತೆ ಕಂಡರೆ ಸೋಲಿನಾಯ್ಡ್‌ಗಳಿಗೆ ಕರೆಂಟ್ ನಿಲ್ಲಿಸುತ್ತದೆ. ಕರೆಂಟ್ ಇಲ್ಲದಾಗ ಆಯಿಲಿಗೆ ಯಾವ ದಾರಿ ತೆರೆದಿರುತ್ತದೋ ಆ ಗೇರ್ ಒಂದೇ ಉಳಿಯುತ್ತದೆ, ಸಾಮಾನ್ಯವಾಗಿ ಎರಡು ಅಥವಾ ಮೂರು. ಕ್ರೈಸ್ಲರ್ ಕಂಪನಿ 1989ರಲ್ಲಿ ಪೂರ್ತಿ ಕಂಪ್ಯೂಟರ್ ಹಿಡಿತದ ನಾಲ್ಕು ಗೇರಿನ ಬಾಕ್ಸ್ ತಂದು ತನ್ನ ಮಿನಿವ್ಯಾನ್‌ಗಳಿಗೂ ಹಾಕಿತ್ತು. ಅದು ಹೀಗಾದಾಗ ಎರಡನೇ ಗೇರಿನಲ್ಲಿ ನಿಲ್ಲುತ್ತಿತ್ತು, ರಿವರ್ಸ್ ಇರುತ್ತಿತ್ತು, ಅಷ್ಟೇ.

ಮೊದಲ ಕೆಲಸ, ಕೋಡ್ ಓದಿಸುವುದು. ಅಗ್ಗದ ಸ್ಕ್ಯಾನರ್ 'ಪಿ 0700' ಎಂದು ತೋರಿಸಿ ಸುಮ್ಮನಾಗಬಹುದು. ಅದರ ಅರ್ಥ 'ಬಾಕ್ಸಿನ ಕಂಪ್ಯೂಟರ್ ಏನೋ ಬರೆದಿಟ್ಟಿದೆ, ಹೋಗಿ ಕೇಳಿ' ಎಂದಷ್ಟೇ. ಅದನ್ನು ನೋಡಿ ಬಾಕ್ಸ್ ಹೋಗಿದೆ ಅನ್ನುವವರ ಹತ್ತಿರ ನಿಲ್ಲಬೇಡಿ. ಬಾಕ್ಸಿನ ಕಂಪ್ಯೂಟರನ್ನೂ ಓದುವ ಸ್ಕ್ಯಾನರ್ ಬೇಕು. 'ಪಿ 0715' ಬಂದರೆ ಒಳಗೆ ಬರುವ ಶಾಫ್ಟಿನ ವೇಗದ ಸೆನ್ಸರ್ ಕಡೆಯದು, 'ಪಿ 0720' ಹೊರಗೆ ಹೋಗುವ ಕಡೆಯದು, 'ಪಿ 0750' ಒಂದು ಶಿಫ್ಟ್ ಸೋಲಿನಾಯ್ಡಿನದು. 'ಪಿ 0730' ಮಾತ್ರ ಯೋಚಿಸಬೇಕಾದ್ದು, ಗೇರಿನ ಲೆಕ್ಕಕ್ಕೆ ತಕ್ಕಂತೆ ಸುತ್ತು ಬರುತ್ತಿಲ್ಲ, ನಿಜವಾಗಿ ಸ್ಲಿಪ್ ಆಗುತ್ತಿರಬಹುದು ಎಂಬ ಸೂಚನೆ. ಹಾಗಂತ ಕೋಡ್ ಬಂದ ಭಾಗವನ್ನೇ ಕಣ್ಣು ಮುಚ್ಚಿ ಬದಲಾಯಿಸುವುದೂ ತಪ್ಪು. ಸೆನ್ಸರ್ ಚೆನ್ನಾಗಿದ್ದು ಅದಕ್ಕೆ ಹೋಗುವ ವೈರ್ ಮುರಿದಿದ್ದರೂ ಅದೇ ಕೋಡ್ ಬರುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ನನ್ನ ಹಳೇ ವ್ಯಾನ್ ಹೀಗೇ ಮೂರನೇ ಗೇರಿನಲ್ಲಿ ಮುಷ್ಕರ ಹೂಡುತ್ತಿತ್ತು. ನೋಡಿಸಿದ ಕಡೆ ಬಾಕ್ಸೂ ಕನ್ವರ್ಟರೂ ಎರಡೂ ಹೋಗಿವೆ ಎಂದರು, ಆಯ್ತು ಮಾಡಿ ಎಂದು ಹೇಳುವುದೊಂದು ಬಾಕಿ ಇತ್ತು. ಆ ವಾರವೇ ಬೇರೆ ಕಾರಣಕ್ಕೆ ಬ್ಯಾಟರಿ ತೆಗೆದಾಗ ಕೆಳಗೆ ಬಾಡಿಗೆ ಹೋಗುವ ಅರ್ತ್ ಪಟ್ಟಿ ಕೈಗೇ ಬಂತು, ತುಕ್ಕು ತಿಂದು ನಾಲ್ಕು ಎಳೆ ಉಳಿದಿತ್ತು. ಹೊಸ ಪಟ್ಟಿ ಹಾಕಿದೆ. ಆಮೇಲೆ ಮೂರು ವರ್ಷ ಆ ಬಾಕ್ಸ್ ಓಡಿತು. ನಿಮಗೂ ಹೀಗೇ ಆಗುತ್ತದೆ ಎನ್ನಲಾರೆ. ಆದರೆ ಬ್ಯಾಟರಿ ಟರ್ಮಿನಲ್, ಅರ್ತ್, ಬಾಕ್ಸಿನ ಪಕ್ಕದ ದೊಡ್ಡ ಕನೆಕ್ಟರ್ ಇವು ಮೂರನ್ನು ಬಿಚ್ಚಿ ನೋಡಲು ಒಂದು ಗಂಟೆ ಸಾಕು. ಕನೆಕ್ಟರ್ ಒಳಗೆ ಆಯಿಲ್ ಹತ್ತಿ ಬಂದಿದೆಯಾ, ಪಿನ್ನುಗಳು ಹಸಿರಾಗಿವೆಯಾ ಎಂದು ನೋಡಿ.

ಪ್ರಶ್ನೆ: ಪ್ರತಿ ತಿಂಗಳು ಗೇರ್ ಆಯಿಲ್ ಕಡಿಮೆಯಾಗುತ್ತಿದೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಎಲ್ಲಿಗೆ ಹೋಗುತ್ತದೆ?

ಉತ್ತರ: ಪತ್ತೇದಾರಿ ಕೆಲಸ, ನನಗಿಷ್ಟ. ಮೂರು ಜಾಗ ಹುಡುಕಿ.

ಮೊದಲು, ಆಯಿಲ್ ತಣ್ಣಗೆ ಮಾಡುವ ಕೂಲರಿಗೆ ಹೋಗಿ ಬರುವ ಪೈಪುಗಳು. ಎಂಜಿನ್ ಓಡುವಾಗ ಮಾತ್ರ ಅವುಗಳಲ್ಲಿ ಒತ್ತಡ ಇರುತ್ತದೆ, ಹಾಗಾಗಿ ಓಡುವಾಗ ಸೋರಿ ನಿಂತಾಗ ಸುಮ್ಮನಿರುತ್ತವೆ. ಸೋರಿದ್ದು ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟುಹೋದರೆ ನೆಲದ ಮೇಲೆ ಗುರುತೇ ಇಲ್ಲ. ಓಡಿಸಿ ಬಂದ ತಕ್ಷಣ ಸುಟ್ಟ ವಾಸನೆ ಬರುತ್ತದಾ?

ಎರಡನೆಯದು ಕಂಪ್ಯೂಟರ್ ಇಲ್ಲದ ಬಹಳ ಹಳೇ ಬಾಕ್ಸ್‌ಗಳಿಗೆ. ಅವುಗಳಲ್ಲಿ ಹಲವಕ್ಕೆ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಸಣ್ಣ ಡಬ್ಬಿ ಇರುತ್ತದೆ, ಎಂಜಿನ್ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಬಾಕ್ಸಿಗೆ ತಿಳಿಸುವುದು ಅದೇ. ಒಳಗಿನ ರಬ್ಬರ್ ಹಾಳೆ ಹರಿದರೆ ಎಂಜಿನ್ ಆ ಕೊಳವೆಯಿಂದ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಸೈಲೆನ್ಸರಿನಲ್ಲಿ ಬಿಳಿ ಹೊಗೆ, ಗೇರ್ ಬದಲಾಗುವುದೂ ಹದ ತಪ್ಪುತ್ತದೆ. ಕೊಳವೆ ಕಿತ್ತು ನೋಡಿ. ಒಳಗೆ ಕೆಂಪು ಆಯಿಲ್ ಇದ್ದರೆ ಕಳ್ಳ ಸಿಕ್ಕಿದ. ಬದಲಾಯಿಸುವುದು ಚಿಕ್ಕ ಕೆಲಸ, ಬಾಕ್ಸ್ ಇಳಿಸುವುದೇ ಬೇಡ.

ಮೂರನೆಯದು ಅಪಾಯದ್ದು. ಹೆಚ್ಚಿನ ಗಾಡಿಗಳಲ್ಲಿ ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರ್ ಒಳಗೇ ಇರುವ ಒಂದು ಕೊಳವೆಯಲ್ಲಿ. ಅದು ತೂತಾದರೆ ಆಯಿಲ್ ನೀರಿಗೆ, ನೀರು ಆಯಿಲಿಗೆ. ಕೂಲೆಂಟ್ ಡಬ್ಬಿ ತೆರೆದು ಎಣ್ಣೆ ತೇಲುತ್ತಿದೆಯಾ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಕಲಸಿದ ಹಾಗೆ ಗುಲಾಬಿ ಬಣ್ಣ ಕಂಡರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ, ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ನೀರು ಮತ್ತು ಕೂಲೆಂಟ್ ಸೇರಿದರೆ ಕ್ಲಚ್ ಪ್ಲೇಟಿನ ಪದರ ಅಂಟು ಬಿಟ್ಟು ಕಿತ್ತುಬರುತ್ತದೆ. ಬೇಗ ಸಿಕ್ಕರೆ ರೇಡಿಯೇಟರ್ ಬದಲಾಯಿಸಿ, ಆಯಿಲ್ ಹಲವು ಸಲ ತೊಳೆದು ಉಳಿಸಿಕೊಳ್ಳಬಹುದು. ನೂರಾರು ಕಿ.ಮೀ. ಓಡಿಸಿದ ಮೇಲೆ ಸಿಕ್ಕರೆ ಆಸೆ ಕಡಿಮೆ.

ಪ್ರಶ್ನೆ: 'ಎಲ್ಲ ಆಟೊಮ್ಯಾಟಿಕ್ ಗಾಡಿಗಳಿಗೂ ಆಗುತ್ತದೆ' ಎಂದು ಬರೆದ ಆಯಿಲ್ ಹಾಕಬಹುದಾ? ಸ್ಲಿಪ್ ನಿಲ್ಲಿಸುವ ಬಾಟಲಿಗಳೂ ಬರುತ್ತವೆ, ಅವು?

ಉತ್ತರ: ಡಬ್ಬಿಯ ಮುಂದಿನ ದೊಡ್ಡ ಅಕ್ಷರ ಬಿಡಿ, ಹಿಂದಿನ ಸಣ್ಣ ಅಕ್ಷರ ಓದಿ. ಜಿಎಂ ಬಾಕ್ಸಿಗೆ ಡೆಕ್ಸ್‌ರಾನ್, ಫೋರ್ಡಿಗೆ ಮರ್ಕಾನ್, ಕ್ರೈಸ್ಲರಿಗೆ ಎಟಿಎಫ್ ಪ್ಲಸ್ 4, ಟೊಯೋಟಾಕ್ಕೆ ಗಾಡಿಯ ವರ್ಷ ನೋಡಿ ಟಿ-4 ಅಥವಾ ಡಬ್ಲ್ಯೂಎಸ್. ಇವುಗಳ ಹಿಡಿತದ ಹದ ಬೇರೆ ಬೇರೆ. ಬಣ್ಣ ಒಂದೇ ಎಂದು ಮೋಸ ಹೋಗಬೇಡಿ. ನಿಮ್ಮ ಕೈಪಿಡಿಯಲ್ಲಿ ಬರೆದ ಹೆಸರೇ ಡಬ್ಬಿಯ ಮೇಲೂ ಇರಬೇಕು. ಸಿವಿಟಿ (ಗೇರುಗಳ ಬದಲು ಬೆಲ್ಟ್ ಅಥವಾ ಚೈನಿನಿಂದ ಓಡುವ ಆಟೊಮ್ಯಾಟಿಕ್) ಬಾಕ್ಸಾದರೆ ಅದರದ್ದೇ ಬೇರೆ ಆಯಿಲ್, ಅಲ್ಲಿ ಇದನ್ನು ಹಾಕುವಂತೆಯೇ ಇಲ್ಲ.

ಬಾಟಲಿಯ ವಿಷಯ. ಅವುಗಳಲ್ಲಿ ಕೆಲವು ಗಟ್ಟಿಯಾದ ಸೀಲನ್ನು ಸ್ವಲ್ಪ ಉಬ್ಬಿಸುತ್ತವೆ, ಕೆಲವು ಲಾಕಪ್ ನಡುಕ ಕಡಿಮೆ ಮಾಡುತ್ತವೆ. ಅಷ್ಟಕ್ಕೆ ಸೈ. ಸವೆದುಹೋದ ಪ್ಲೇಟಿಗೆ ಮತ್ತೆ ಪದರ ಬೆಳೆಸುವ ಬಾಟಲಿ ಯಾರೂ ಮಾಡಿಲ್ಲ.

ಪ್ರಶ್ನೆ: ದಾರಿಯಲ್ಲಿ ನಿಂತರೆ ತಳ್ಳಿ ಸ್ಟಾರ್ಟ್ ಮಾಡಬಹುದಾ? ಹಗ್ಗ ಕಟ್ಟಿ ಎಳೆಯಬಹುದಾ?

ಉತ್ತರ: ತಳ್ಳಿದರೆ ಬೆವರು ಬರುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆಯಿಲ್ ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಿದೆ ಅಂದರೆ ಒತ್ತಡ ಇಲ್ಲ, ಒತ್ತಡ ಇಲ್ಲದೆ ಕ್ಲಚ್ ಹಿಡಿಯುವುದಿಲ್ಲ, ಚಕ್ರ ತಿರುಗಿದ್ದು ಎಂಜಿನ್ನಿಗೆ ಮುಟ್ಟುವುದೇ ಇಲ್ಲ.

ಎಳೆಯುವುದು ಇನ್ನೂ ಕೆಟ್ಟದ್ದು, ಕಾರಣ ಅದೇ. ಚಕ್ರದ ಜೊತೆ ಬಾಕ್ಸಿನ ಒಳಭಾಗ ತಿರುಗುತ್ತಿರುತ್ತದೆ, ಆಯಿಲ್ ಮಾತ್ರ ಹರಿಯುತ್ತಿರುವುದಿಲ್ಲ. ಎಂಜಿನ್ ಶಕ್ತಿ ಹೋಗುವ ಚಕ್ರಗಳು ನೆಲ ಮುಟ್ಟದಂತೆ ಎತ್ತಿ ಒಯ್ಯಬೇಕು, ಇಲ್ಲವೇ ಇಡೀ ವ್ಯಾನನ್ನು ಲಾರಿ ಮೇಲೆ ಹಾಕಿಸಿ. ಕೆಲವು ಕೈಪಿಡಿಗಳು ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ದೂರ, ನಿಧಾನವಾಗಿ ಎಳೆಯಲು ಬಿಡುತ್ತವೆ. ನಿಮ್ಮದರಲ್ಲಿ ಹಾಗೆ ಬರೆದಿದ್ದರೆ ಮಾತ್ರ.

ಪ್ರಶ್ನೆ: ಬಾಕ್ಸ್ ನಿಜವಾಗಿಯೂ ಹೋಗಿದೆ, ಚೇಂಬರಿನಲ್ಲಿ ಕಪ್ಪು ಕೆಸರು, ರಿವರ್ಸ್ ಇಲ್ಲವೇ ಇಲ್ಲ. ರಿಪೇರಿ ಮಾಡಿಸಲಾ, ಸೆಕೆಂಡ್ ಹ್ಯಾಂಡ್ ಬಾಕ್ಸ್ ಹಾಕಿಸಲಾ, ಗಾಡಿಯನ್ನೇ ಕೊಟ್ಟುಬಿಡಲಾ? ಮನೆಯವರೆಲ್ಲ ಕೊಟ್ಟುಬಿಡಿ ಅನ್ನುತ್ತಾರೆ. ನನಗೆ ಮನಸ್ಸಿಲ್ಲ.

ಉತ್ತರ: ಬಾಕ್ಸನ್ನು ಒಂದು ನಿಮಿಷ ಮರೆತು ಉಳಿದ ಗಾಡಿ ನೋಡಿ. ಕೆಳಗೆ ಬಗ್ಗಿ ತುಕ್ಕು ನೋಡಿ, ಮೇಲಿನ ಪೇಂಟ್ ಅಲ್ಲ, ಚಾಸಿಯ ಉದ್ದ ತೊಲೆಗಳು, ಸಸ್ಪೆನ್ಶನ್ ಕೂರುವ ಜಾಗ. ಅಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದರೆ ಚಿನ್ನದ ಬಾಕ್ಸ್ ಹಾಕಿದರೂ ವ್ಯರ್ಥ. ಎಂಜಿನ್ ಆಯಿಲ್ ಕುಡಿಯುತ್ತಿದೆಯಾ? ಇವೆರಡೂ ಚೆನ್ನಾಗಿದ್ದರೆ ನಿಮ್ಮ ಮನಸ್ಸು ಹೇಳುವುದಕ್ಕೂ ಕಿವಿ ಕೊಡಬಹುದು. ಜನ ರಿಪೇರಿ ಖರ್ಚನ್ನು ಗಾಡಿಯ ಮಾರುವ ಬೆಲೆಗೆ ಹೋಲಿಸುತ್ತಾರೆ. ನನಗೆ ಆ ಲೆಕ್ಕ ಅರ್ಧ ಅನಿಸುತ್ತದೆ. ಅದೇ ದುಡ್ಡಿಗೆ ಸಿಗುವ ಇನ್ನೊಂದು ಹಳೇ ವ್ಯಾನ್ ಎಷ್ಟು ನಂಬಿಕೆಯದು? ಅದರ ಬಾಕ್ಸಿನ ಇತಿಹಾಸ ನಿಮಗೆ ಗೊತ್ತಿರುವುದಿಲ್ಲ, ನಿಮ್ಮ ಗಾಡಿಯದು ಗೊತ್ತಿದೆ. ಬಾಡಿ ಅಥವಾ ಎಂಜಿನ್ ಎರಡರಲ್ಲಿ ಒಂದು ಸೋತಿದ್ದರೆ ಮಾತ್ರ ಮನೆಯವರ ಮಾತು ಕೇಳಿ.

ಉಳಿಸಿಕೊಳ್ಳುವುದು ಅಂತಾದರೆ ಸೆಕೆಂಡ್ ಹ್ಯಾಂಡ್ ಬಾಕ್ಸ್ ಎಲ್ಲಕ್ಕಿಂತ ಅಗ್ಗ, ಆದರೆ ಲಾಟರಿ. ಅದೂ ಅಷ್ಟೇ ಹಳೇ ಗಾಡಿಯದ್ದಲ್ವಾ? ಯಾವ ಗಾಡಿಯಿಂದ ಬಿಚ್ಚಿದ್ದು, ಎಷ್ಟು ಓಡಿತ್ತು, ಬಿಚ್ಚುವ ಮೊದಲು ಓಡಿಸಿ ನೋಡಿದ್ದರಾ ಕೇಳಿ. ಅದರ ಆಯಿಲ್ ವಾಸನೆ ನೋಡಿ, ಬಾಕ್ಸಿನ ಮೇಲಿನ ನಂಬರ್ ನಿಮ್ಮದಕ್ಕೆ ಕೂಡುತ್ತದಾ ನೋಡಿ. ನೋಡಲು ಒಂದೇ ಥರ ಇದ್ದರೂ ಒಳಗಿನ ಅನುಪಾತ, ಸೆನ್ಸರ್ ಬೇರೆ ಇರಬಹುದು. ಹಾಕುವ ಮೊದಲು ಮುಂದಿನ ಸೀಲ್ ಮತ್ತು ಫಿಲ್ಟರ್ ಹೊಸದು ಹಾಕಿಸಿ, ಒಳಗೆ ಹೋದ ಮೇಲೆ ಅವಕ್ಕಾಗಿ ಮತ್ತೆ ಇಳಿಸುವ ಸಂಕಟ ಬೇಡ.

ನಿಮ್ಮದೇ ಬಾಕ್ಸ್ ಓವರ್‌ಹಾಲ್ ಮಾಡಿಸುವುದಾದರೆ ಮಾಡುವವರ ಕೈ ಮುಖ್ಯ. ಬರೀ ಸುಟ್ಟ ಪ್ಲೇಟ್ ಬದಲಾಯಿಸಿ ಮುಚ್ಚುವವರಿಗೆ ಕೊಡಬೇಡಿ. ಎಲ್ಲ ಸೀಲು, ಎಲ್ಲ ಪ್ಲೇಟು ಹೊಸದಾ, ಕನ್ವರ್ಟರ್ ಏನು ಮಾಡುತ್ತೀರಿ, ಪ್ಲೇಟ್ ಸುಟ್ಟಿದ್ದಕ್ಕೆ ಕಾರಣ ಸಿಕ್ಕಿತಾ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಹೊಸ ಪ್ಲೇಟೂ ಅದೇ ಕಾರಣಕ್ಕೆ ಸುಡುತ್ತದೆ. ಫ್ಯಾಕ್ಟರಿಯಲ್ಲಿ ಪೂರ್ತಿ ಹೊಸದಾಗಿ ಜೋಡಿಸಿದ ಬಾಕ್ಸ್ ಸಿಕ್ಕರೆ ಖರ್ಚು ಜಾಸ್ತಿ, ತಲೆನೋವು ಕಡಿಮೆ. ಗ್ಯಾರಂಟಿ ಕೊಟ್ಟರೆ ಅದು ಬರೀ ಬಾಕ್ಸಿಗಾ, ಇಳಿಸಿ ಏರಿಸುವ ಕೂಲಿಗೂ ಸೇರಿ ಇದೆಯಾ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಯಾವುದೇ ಮಾಡಿಸಿ, ಹಳೇ ಕೂಲರ್ ಮತ್ತು ಪೈಪ್ ಚೆನ್ನಾಗಿ ತೊಳೆಸಿ, ಸಾಧ್ಯವಾದರೆ ಕೂಲರ್ ಬದಲಾಯಿಸಿ. ಹಳೇ ಬಾಕ್ಸಿನ ಪುಡಿಯೆಲ್ಲ ಅಲ್ಲೇ ಕೂತಿರುತ್ತದೆ, ಹೊಸದನ್ನು ಹಾಕಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷಕ್ಕೇ ಒಳಗೆ ಬರುತ್ತದೆ.

ಪ್ರಶ್ನೆ: ರಿಪೇರಿಗೆ ಇನ್ನೂ ಎರಡು ಮೂರು ತಿಂಗಳಾಗುತ್ತದೆ. ಸ್ವಲ್ಪ ಸ್ಲಿಪ್ ಆಗುತ್ತಿದೆ, ಓಡಿಸಲೇಬೇಕು. ಹೇಗೆ ಓಡಿಸಲಿ?

ಉತ್ತರ: ಮೆಲ್ಲಗೆ. ಭಾರ ಹಾಕಬೇಡಿ, ಹಿಂದೆ ಟ್ರೇಲರ್ ಅಂತೂ ಬೇಡವೇ ಬೇಡ. ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಸಡಿಲ ಮಾಡಿದರೆ ಪ್ಲೇಟಿಗೆ ಹಿಡಿಯಲು ಸುಲಭ. ಏರಿನಲ್ಲಿ ಬಾಕ್ಸ್ ಎರಡು ಗೇರುಗಳ ನಡುವೆ ಹೋಗಿ ಬಂದು ಮಾಡುತ್ತಿದ್ದರೆ ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ಆಫ್ ಮಾಡಿ ಅಥವಾ ಲಿವರನ್ನು ಕೆಳಗಿನ ಗೇರಿಗೆ ತನ್ನಿ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಇರುವುದು ಅದಕ್ಕೆ. ಆ ಒಂದು ಅಭ್ಯಾಸ ಆಯಿಲನ್ನು ಕುದಿಸುತ್ತದೆ. ಪೂರ್ತಿ ನಿಂತ ಮೇಲೆಯೇ 'ಡಿ'ಯಿಂದ 'ಆರ್'ಗೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಬಿಡುವುದರಿಂದ ಉಳಿತಾಯವೂ ಇಲ್ಲ, ಬಾಕ್ಸಿಗೆ ಒಳ್ಳೆಯದೂ ಇಲ್ಲ, ಬ್ರೇಕಿಗಂತೂ ಹೊರೆ.

ಬೇರೆಯದೇ ಒಂದು ಆಯಿಲ್ ಕೂಲರನ್ನು ರೇಡಿಯೇಟರ್ ಮುಂದೆ ಹಾಕಿಸುವುದು ದೊಡ್ಡ ಖರ್ಚಲ್ಲ. ಮುಂದೆ ಬಾಕ್ಸ್ ಬದಲಾಯಿಸಿದರೂ ಅದು ಅಲ್ಲೇ ಕೆಲಸಕ್ಕೆ ಬರುತ್ತದೆ. ಪ್ರತಿ ವಾರ ಡಿಪ್‌ಸ್ಟಿಕ್ ನೋಡಿ.

ಮತ್ತೆ ಒಂದು, ಇದು ಬಾಕ್ಸಿನ ವಿಷಯಕ್ಕಿಂತ ನಿಮ್ಮ ವಿಷಯ. ಸ್ಲಿಪ್ ಆಗುವ ಗಾಡಿ ಎದುರಿನ ವಾಹನಕ್ಕೆ ಅಡ್ಡ ತಿರುಗುವಾಗಲೇ ಕೈಕೊಡುತ್ತದೆ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಮಾತ್ರ ಕೂಗುತ್ತದೆ. ಓವರ್‌ಟೇಕ್ ಮಾಡಬೇಡಿ, ಅಡ್ಡರಸ್ತೆ ದಾಟುವಾಗ ಎರಡು ಗಾಡಿಯಷ್ಟು ಜಾಸ್ತಿ ಜಾಗ ಸಿಗುವವರೆಗೆ ಕಾಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ.